ಆಸ್ಟ್ರೇಲಿಯಾದ 491 ವೀಸಾ: ಊರು ಆರಿಸುವುದರಿಂದ ಕಾಯಂ ವಾಸದವರೆಗೆ ಸಮಗ್ರ ಮಾರ್ಗದರ್ಶಿ

ಆಸ್ಟ್ರೇಲಿಯಾಕ್ಕೆ ವಲಸೆ ಹೋಗಲು ಬಯಸುವ ಇಂಜಿನಿಯರು, ನರ್ಸು, ಶಿಕ್ಷಕ, ಮೆಕ್ಯಾನಿಕ್ಕುಗಳಲ್ಲಿ ಹೆಚ್ಚಿನವರು ಮೊದಲು ಕೇಳುವುದು ‘ನನಗೆ ಎಷ್ಟು ಪಾಯಿಂಟ್ ಬರುತ್ತದೆ’ ಎಂದು, ಅಂದರೆ ವಯಸ್ಸು, ಓದು, ಅನುಭವ, ಇಂಗ್ಲಿಷ್ ಮೊದಲಾದವಕ್ಕೆ ಸಿಗುವ ಅಂಕ ಎಷ್ಟು ಎಂದು. ಕೆಲಸಗಾರರ ಕೊರತೆ ಇರುವ ಪ್ರಾದೇಶಿಕ ಊರುಗಳಿಗಾಗಿಯೇ ರೂಪಿಸಿದ ಸಬ್‌ಕ್ಲಾಸ್ 491 ವೀಸಾದ ಮಟ್ಟಿಗೆ ಈ ಪ್ರಶ್ನೆ ಎರಡನೆಯದು. ‘ನನ್ನ ಕೆಲಸ ಅಲ್ಲಿನ ಯಾವ ಊರಿನಲ್ಲಿ ಸಿಗುತ್ತದೆ, ಆ ಊರಿನಲ್ಲಿ ನಾನು ಮತ್ತು ನನ್ನ ಮನೆಯವರು ಕನಿಷ್ಠ ಮೂರು ವರ್ಷ ಇರಬಲ್ಲೆವೇ’ ಎಂಬುದೇ ಮೊದಲನೆಯದು. ಪಾಯಿಂಟನ್ನು ಹೇಗಾದರೂ ಹೊಂದಿಸಿಕೊಂಡು ವೀಸಾ ಪಡೆದ ಮೇಲೆ, ತನ್ನ ವೃತ್ತಿಗೆ ಬೇಡಿಕೆಯೇ ಇಲ್ಲದ ಊರಿಗೆ ಹೋಗಿ ಕುಳಿತವರಿಗೆ ಆ ಮೂರು ವರ್ಷ ಬಹಳ ಉದ್ದವಾಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿ ಊರಿನಿಂದ ಆರಂಭವಾಗುತ್ತದೆ. ಪಾಯಿಂಟಿನ ಲೆಕ್ಕ ನಂತರ ಬರುತ್ತದೆ.

ಈ ವೀಸಾ ಏನು, ಏನಲ್ಲ

ಹಳೆಯ 489 ವೀಸಾದ ಜಾಗದಲ್ಲಿ 2019ರ ನವೆಂಬರ್ 16ರಂದು ಜಾರಿಗೆ ಬಂದ 491, ಐದು ವರ್ಷಗಳ ತಾತ್ಕಾಲಿಕ ವೀಸಾ. ಇದನ್ನು ಪಡೆದವರು ಮತ್ತು ಇದರಡಿ ಜೊತೆಗೆ ಹೋದ ಕುಟುಂಬದವರು ಸರ್ಕಾರ ಗುರುತಿಸಿದ ಪ್ರಾದೇಶಿಕ ಪ್ರದೇಶದಲ್ಲಿಯೇ ವಾಸಿಸಬೇಕು, ದುಡಿಯಬೇಕು, ಓದಬೇಕು. ಹಾಗೆ ಮೂರು ವರ್ಷ ಕಳೆದ ಮೇಲೆ ಸಬ್‌ಕ್ಲಾಸ್ 191 ಎಂಬ ಕಾಯಂ ವೀಸಾಕ್ಕೆ ಅರ್ಜಿ ಹಾಕಬಹುದು. ಆ ಮೂರು ವರ್ಷ ತುಂಬುವ ಮೊದಲು 189, 190, 186ರಂಥ ಬೇರೆ ಕಾಯಂ ವೀಸಾಗಳಿಗೆ ಅರ್ಜಿ ಹಾಕುವ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ. ‘ಮೊದಲು 491ರಲ್ಲಿ ಹೋಗೋಣ, ಆಮೇಲೆ ಸಿಡ್ನಿಯಲ್ಲಿ ಕೆಲಸ ಹಿಡಿದು ಬೇರೆ ವೀಸಾಕ್ಕೆ ಬದಲಾಯಿಸಿಕೊಂಡರಾಯಿತು’ ಎಂಬ ಲೆಕ್ಕಾಚಾರ ಇಲ್ಲಿಗೇ ಮುರಿದುಬೀಳುತ್ತದೆ.

‘ಪ್ರಾದೇಶಿಕ’ ಎಂದೊಡನೆ ಕುರಿ ಮೇಯುವ ಬಯಲನ್ನೇ ಕಲ್ಪಿಸಿಕೊಳ್ಳಬೇಕಾಗಿಲ್ಲ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಮಹಾನಗರಗಳನ್ನು ಬಿಟ್ಟರೆ ದೇಶದ ಉಳಿದ ಭಾಗವೆಲ್ಲ ವಲಸೆ ಕಾನೂನಿನ ದೃಷ್ಟಿಯಲ್ಲಿ ಪ್ರಾದೇಶಿಕವೇ. ಪರ್ತ್, ಅಡಿಲೇಡ್, ಕ್ಯಾನ್‌ಬೆರಾ, ಹೋಬಾರ್ಟ್, ಗೋಲ್ಡ್ ಕೋಸ್ಟ್, ಸನ್‌ಶೈನ್ ಕೋಸ್ಟ್, ನ್ಯೂಕ್ಯಾಸಲ್, ವೊಲಾಂಗಾಂಗ್, ಜಿಲಾಂಗ್ ನಗರಗಳು ಒಂದು ವರ್ಗದಲ್ಲಿ ಬರುತ್ತವೆ; ಡಾರ್ವಿನ್ ಸೇರಿದಂತೆ ಉಳಿದ ಊರುಗಳು ಇನ್ನೊಂದು ವರ್ಗದಲ್ಲಿ. ಗಡಿಯನ್ನು ನಿರ್ಧರಿಸುವುದು ಪೋಸ್ಟ್‌ಕೋಡ್. ಮಹಾನಗರದ ಅಂಚಿನ ಬಡಾವಣೆಯಲ್ಲಿ ಮನೆ ಹಿಡಿಯುವಾಗ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಗೃಹ ಇಲಾಖೆಯ ಪಟ್ಟಿಯಲ್ಲಿ ಆ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಬೇಕು.

ಇದೇ ಉದ್ದೇಶಕ್ಕೆ ಇನ್ನೆರಡು ದಾರಿಗಳಿವೆ. ಪ್ರಾದೇಶಿಕ ಊರಿನ ಉದ್ಯೋಗದಾತರೇ ಪ್ರಾಯೋಜಿಸುವ 494 ವೀಸಾಕ್ಕೆ ಪಾಯಿಂಟಿನ ಗೊಡವೆ ಇಲ್ಲ. ಆದರೆ ಆ ವೃತ್ತಿಯಲ್ಲಿ ಮೂರು ವರ್ಷದ ಅನುಭವವಿರಬೇಕು, ನಿಗದಿತ ಕನಿಷ್ಠ ಸಂಬಳ ಸಿಗಬೇಕು, ಮತ್ತು ಉದ್ಯೋಗದಾತರ ಕಾಗದಪತ್ರದ ಕೆಲಸ ಸಾಕಷ್ಟಿರುತ್ತದೆ. ಅದರ ಕೊನೆಯೂ 191ರಲ್ಲಿಯೇ. ಎರಡನೆಯದು ಡಾಮಾ ಎಂದು ಕರೆಯುವ ಪ್ರದೇಶವಾರು ಒಪ್ಪಂದ. ನಾರ್ದರ್ನ್ ಟೆರಿಟರಿ, ಕಲ್ಗೂರ್ಲಿ ಸುತ್ತಿನ ಗೋಲ್ಡ್‌ಫೀಲ್ಡ್ಸ್, ಕೇರ್ನ್ಸ್ ಸುತ್ತಿನ ಫಾರ್ ನಾರ್ತ್ ಕ್ವೀನ್ಸ್‌ಲ್ಯಾಂಡ್, ಡಬ್ಬೊ ಸುತ್ತಿನ ಒರಾನಾ ಮೊದಲಾದ ಕಡೆ ಇಂಥ ಒಪ್ಪಂದಗಳಿದ್ದು, ಸಾಮಾನ್ಯ ಪಟ್ಟಿಯಲ್ಲಿ ಇಲ್ಲದ ಕೆಲವು ವೃತ್ತಿಗಳಿಗೂ ಅವು ಅವಕಾಶ ಕೊಡುತ್ತವೆ; ಕೆಲವೆಡೆ ವಯಸ್ಸು, ಇಂಗ್ಲಿಷ್, ಸಂಬಳದ ವಿಷಯದಲ್ಲಿ ರಿಯಾಯಿತಿಯೂ ಉಂಟು. ನಲವತ್ತೈದು ದಾಟಿದವರು ಡಾಮಾವನ್ನು, ಪಾಯಿಂಟಿನಲ್ಲಿ ಹಿಂದೆ ಬಿದ್ದವರು ಈ ಎರಡನ್ನೂ ನೋಡಬೇಕು. ಉಳಿದವರಿಗೆ 491ರ ಕ್ರಮ ಮುಂದಿದೆ.

ಮೊದಲ ಹೆಜ್ಜೆ: ಕೆಲಸ ಇರುವ ಊರನ್ನು ಹುಡುಕುವುದು

ಪ್ರಾದೇಶಿಕ ಊರುಗಳಲ್ಲಿ ಕೊರತೆ ಎಲ್ಲ ವೃತ್ತಿಗಳಿಗೂ ಒಂದೇ ಸಮನಾಗಿ ಇಲ್ಲ. ಜನರಿಗೆ ವಯಸ್ಸಾಗುತ್ತಿದೆ, ಯುವಕರು ಓದಲು ಮಹಾನಗರಕ್ಕೆ ಹೋದವರು ಮರಳುವುದಿಲ್ಲ. ಆದ್ದರಿಂದ ಆಸ್ಪತ್ರೆ, ವೃದ್ಧರ ಆರೈಕೆ ಕೇಂದ್ರ, ಶಾಲೆ, ಶಿಶುಪಾಲನಾ ಕೇಂದ್ರಗಳಲ್ಲಿ ಬಹುತೇಕ ಎಲ್ಲೆಡೆಯೂ ಜಾಗ ಖಾಲಿ ಇರುತ್ತದೆ. ರಸ್ತೆ, ನೀರು, ಸೇತುವೆಗಳನ್ನು ನೋಡಿಕೊಳ್ಳುವ ಸ್ಥಳೀಯ ಕೌನ್ಸಿಲ್‌ಗಳು ಸಿವಿಲ್ ಇಂಜಿನಿಯರುಗಳನ್ನು ಹುಡುಕುತ್ತಲೇ ಇರುತ್ತವೆ. ಚಿನ್ನದ ಗಣಿಗಳ ಕಲ್ಗೂರ್ಲಿ, ಕಬ್ಬಿಣದ ಅದಿರಿನ ಪಿಲ್ಬರಾ, ಉಕ್ಕಿನ ವೈಯಲ್ಲಾಗಳಲ್ಲಿ ಫಿಟ್ಟರ್, ವೆಲ್ಡರ್, ಡೀಸೆಲ್ ಮೆಕ್ಯಾನಿಕ್‌ಗಳಿಗೆ ಬೇಡಿಕೆ. ಹಣ್ಣು ಮತ್ತು ಹೈನುಗಾರಿಕೆಯ ಶೆಪರ್ಟನ್, ದ್ರಾಕ್ಷಿಯ ಮಿಲ್ಡುರಾಗಳಲ್ಲಿ ಕೃಷಿ ಮತ್ತು ಆಹಾರ ಸಂಸ್ಕರಣೆಗೆ ಸಂಬಂಧಿಸಿದ ಕೆಲಸಗಳಿವೆ.

ಬೆಂಗಳೂರಿನ ಓದುಗರಲ್ಲಿ ಬಹಳ ಮಂದಿ ಸಾಫ್ಟ್‌ವೇರ್‌ನವರು ಎಂಬುದರಿಂದ ಒಂದು ಮಾತನ್ನು ನೇರವಾಗಿ ಹೇಳುವುದು ಒಳ್ಳೆಯದು. ಪರ್ತ್, ಅಡಿಲೇಡ್, ಕ್ಯಾನ್‌ಬೆರಾ ಬಿಟ್ಟರೆ ಪ್ರಾದೇಶಿಕ ಊರುಗಳಲ್ಲಿ ಐಟಿ ಹುದ್ದೆಗಳು ಕಡಿಮೆ. ಕ್ಯಾನ್‌ಬೆರಾದಲ್ಲಿ ಹುದ್ದೆ ಇದ್ದರೂ ಅವುಗಳಲ್ಲಿ ಬಹಳಷ್ಟು ಕೇಂದ್ರ ಸರ್ಕಾರದ ಕೆಲಸಗಳಾಗಿದ್ದು, ಭದ್ರತಾ ಅನುಮೋದನೆಯ ಕಾರಣಕ್ಕೆ ಪೌರತ್ವ ಕೇಳುತ್ತವೆ. ಮೆಲ್ಬರ್ನಿನ ಕಂಪನಿಯ ಕೆಲಸವನ್ನು ಜಿಲಾಂಗಿನ ಮನೆಯಿಂದ ಮಾಡುತ್ತೇನೆ ಎಂಬ ಯೋಚನೆ ಇದ್ದರೆ, ವಾರಕ್ಕೆ ಎರಡು ದಿನ ಮೆಲ್ಬರ್ನ್ ಕಚೇರಿಗೆ ಬಾ ಎಂದು ಕಂಪನಿ ಹೇಳಿದ ದಿನವೇ ವೀಸಾದ ಷರತ್ತು ಮುರಿಯುವ ಪ್ರಸಂಗ ಬರುತ್ತದೆ ಎಂಬುದು ತಿಳಿದಿರಲಿ.

ಹುಡುಕುವ ಕ್ರಮ ಹೀಗಿರಲಿ. ಜಾಬ್ಸ್ ಆಂಡ್ ಸ್ಕಿಲ್ಸ್ ಆಸ್ಟ್ರೇಲಿಯಾ ಸಂಸ್ಥೆ ಪ್ರಕಟಿಸುವ ಕೊರತೆಯ ವೃತ್ತಿಗಳ ಪಟ್ಟಿಯಲ್ಲಿ ನಿಮ್ಮ ವೃತ್ತಿ ಯಾವ ರಾಜ್ಯದಲ್ಲಿ ಕೊರತೆ ಎಂದು ದಾಖಲಾಗಿದೆ ನೋಡಿ. ನಂತರ ಸೀಕ್ ಎಂಬ ಉದ್ಯೋಗ ಜಾಹೀರಾತಿನ ಜಾಲತಾಣದಲ್ಲಿ ರಾಜ್ಯದ ಹೆಸರಿನ ಬದಲು ಊರಿನ ಹೆಸರು ಹಾಕಿ ಹುಡುಕಿ: ಟೂವುಂಬಾ, ಬೆಂಡಿಗೊ, ಬಲ್ಲರಾಟ್, ವಾಗಾ ವಾಗಾ, ಮೌಂಟ್ ಗ್ಯಾಂಬಿಯರ್, ಬನ್‌ಬರಿ, ಲಾನ್ಸೆಸ್ಟನ್, ಟೌನ್ಸ್‌ವಿಲ್ ಹೀಗೆ. ವಾರಕ್ಕೊಮ್ಮೆಯಂತೆ ಕೆಲವು ತಿಂಗಳು ನೋಡಿದರೆ ಯಾವ ಊರಿನಲ್ಲಿ ಹೊಸ ಜಾಹೀರಾತು ಬರುತ್ತದೆ, ಯಾವ ಊರಿನಲ್ಲಿ ಒಂದೇ ಹುದ್ದೆ ಮತ್ತೆಮತ್ತೆ ಕಾಣುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಮತ್ತೆಮತ್ತೆ ಕಾಣುವ ಹುದ್ದೆಯೇ ನಿಜವಾದ ಕೊರತೆಯ ಗುರುತು. ಪ್ರತಿ ಜಾಹೀರಾತಿನಲ್ಲಿ ಮೂರು ಅಂಶ ಬರೆದುಕೊಳ್ಳಿ: ಸ್ಥಳೀಯ ನೋಂದಣಿ ಅಥವಾ ಲೈಸೆನ್ಸ್ ಕೇಳಿದ್ದಾರೆಯೇ, ಡ್ರೈವಿಂಗ್ ಲೈಸೆನ್ಸ್ ಕಡ್ಡಾಯವೇ, ಯಾವ ಬಗೆಯ ವೀಸಾ ಇರಬೇಕು ಎಂದಿದ್ದಾರೆ.

ದೂರದ ಅಂದಾಜೂ ಇರಬೇಕು. ಬೆಂಡಿಗೊದಿಂದ ಮೆಲ್ಬರ್ನಿಗೆ ಬೆಂಗಳೂರಿನಿಂದ ಮೈಸೂರಿಗೆ ಹೋಗುವಷ್ಟೇ ದಾರಿ. ಕಲ್ಗೂರ್ಲಿಯಿಂದ ಪರ್ತ್‌ಗೆ ಸುಮಾರು 600 ಕಿಲೋಮೀಟರ್, ಆಲಿಸ್ ಸ್ಪ್ರಿಂಗ್ಸ್‌ನಿಂದ ಡಾರ್ವಿನ್‌ಗೆ ಸುಮಾರು 1,500. ಗಂಡ ಹೆಂಡತಿ ಇಬ್ಬರೂ ದುಡಿಯಬೇಕಾದ ಮನೆಯಲ್ಲಿ ಇಬ್ಬರ ವೃತ್ತಿಗೂ ಅವಕಾಶವಿರುವ ಊರನ್ನು ಆರಿಸದಿದ್ದರೆ ಕಷ್ಟವಾಗುತ್ತದೆ, ಏಕೆಂದರೆ ಪಕ್ಕದ ಊರು ಎನ್ನುವುದು ಅಲ್ಲಿ ಪಕ್ಕದಲ್ಲಿ ಇರುವುದಿಲ್ಲ.

ಎರಡನೆಯ ಹೆಜ್ಜೆ: ವೃತ್ತಿಯ ಸಂಕೇತ ಮತ್ತು ಕೌಶಲ ಮೌಲ್ಯಮಾಪನ

ಇಡೀ ಪ್ರಕ್ರಿಯೆಯಲ್ಲಿ ಹೆಚ್ಚು ಸಮಯ, ಹೆಚ್ಚು ಎಚ್ಚರ ಬೇಡುವ ಹಂತ ಇದು. ಪ್ರತಿ ವೃತ್ತಿಗೂ ಆನ್ಸ್ಕೊ ಎಂಬ ವರ್ಗೀಕರಣದಲ್ಲಿ ಆರು ಅಂಕಿಗಳ ಸಂಕೇತವಿದೆ. ಸಿವಿಲ್ ಇಂಜಿನಿಯರ್ 233211, ಸಾಫ್ಟ್‌ವೇರ್ ಇಂಜಿನಿಯರ್ 261313, ಮೋಟಾರ್ ಮೆಕ್ಯಾನಿಕ್ 321211. ನಿಮ್ಮ ವಿಸಿಟಿಂಗ್ ಕಾರ್ಡಿನ ಮೇಲಿರುವ ಹುದ್ದೆಯ ಹೆಸರಿಗೆ ಇಲ್ಲಿ ಬೆಲೆ ಕಡಿಮೆ. ದಿನವೂ ಏನು ಕೆಲಸ ಮಾಡುತ್ತೀರಿ ಎಂಬುದು ಸಂಕೇತದ ವಿವರಣೆಗೆ ಹೊಂದಬೇಕು. ಹೋಟೆಲಿನ ಅಡುಗೆಯವರ ಉದಾಹರಣೆ ತೆಗೆದುಕೊಳ್ಳಿ. ಶೆಫ್ ಎಂಬುದು 351311, ಕುಕ್ ಎಂಬುದು 351411. ಮೆನು ರೂಪಿಸುವುದು, ಸಾಮಗ್ರಿಯ ವೆಚ್ಚ ಲೆಕ್ಕ ಹಾಕುವುದು, ಅಡುಗೆಮನೆಯ ಸಿಬ್ಬಂದಿಗೆ ಕೆಲಸ ಹಂಚುವುದು ಶೆಫ್‌ನ ಕೆಲಸ. ಒಲೆಯ ಮುಂದೆ ನಿಂತು ಹೇಳಿದ್ದನ್ನು ಬೇಯಿಸುವವರು ಎಷ್ಟೇ ನುರಿತವರಾದರೂ ಕುಕ್. ಎರಡೂ ಬೇರೆಬೇರೆ ಪಟ್ಟಿಗಳಲ್ಲಿರುವುದರಿಂದ ತೆರೆಯುವ ದಾರಿಗಳೂ ಬೇರೆ.

ಸಂಕೇತ ನಿರ್ಧಾರವಾದ ಮೇಲೆ ಆ ವೃತ್ತಿಯ ಮೌಲ್ಯಮಾಪನ ಸಂಸ್ಥೆಗೆ ಅರ್ಜಿ ಹಾಕಬೇಕು. ಐಟಿಗೆ ಎಸಿಎಸ್, ಇಂಜಿನಿಯರುಗಳಿಗೆ ಇಂಜಿನಿಯರ್ಸ್ ಆಸ್ಟ್ರೇಲಿಯಾ, ನರ್ಸುಗಳಿಗೆ ಅನ್‌ಮ್ಯಾಕ್, ಶಾಲಾ ಶಿಕ್ಷಕರಿಗೆ ಐಟ್ಸಲ್, ಕುಶಲಕರ್ಮಿಗಳಿಗೆ ಟಿಆರ್‌ಎ, ಇತರ ಅನೇಕ ವೃತ್ತಿಗಳಿಗೆ ವೆಟಸೆಸ್.

ಕರ್ನಾಟಕದ ಇಂಜಿನಿಯರುಗಳು ಒಂದು ಅಂಶವನ್ನು ಗಮನಿಸಬೇಕು. ಇಂಜಿನಿಯರಿಂಗ್ ಪದವಿಗಳಿಗೆ ದೇಶಗಳು ಪರಸ್ಪರ ಮಾನ್ಯತೆ ಕೊಡುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯವಾಯಿತು ನಿಜ. ಆದರೆ ಅದರ ಲಾಭ ಸಿಗುವುದು ನಮ್ಮ ತಾಂತ್ರಿಕ ಕೋರ್ಸುಗಳ ಮಾನ್ಯತಾ ಸಂಸ್ಥೆ ಎನ್‌ಬಿಎ ಮೊದಲ ಶ್ರೇಣಿಯಲ್ಲಿ ಮಾನ್ಯ ಮಾಡಿದ ಕೋರ್ಸಿಗೆ, ಅದೂ ಮಾನ್ಯತೆ ಚಾಲ್ತಿಯಲ್ಲಿದ್ದಾಗ ಓದಿದವರಿಗೆ ಮಾತ್ರ. ವಿಟಿಯು ಅಡಿಯ ಸ್ವಾಯತ್ತವಲ್ಲದ ಕಾಲೇಜುಗಳಲ್ಲಿ ಓದಿದವರು ಸಾಮಾನ್ಯವಾಗಿ ಈ ವ್ಯಾಪ್ತಿಗೆ ಬರುವುದಿಲ್ಲ. ಅವರು ಸಿಡಿಆರ್ ಎಂಬ ಸಾಮರ್ಥ್ಯ ವರದಿ ಬರೆಯಬೇಕು. ಅದರಲ್ಲಿ ನಿಮ್ಮ ಓದು ಅಥವಾ ವೃತ್ತಿಯ ಮೂರು ಪ್ರಸಂಗಗಳನ್ನು ಉತ್ತಮ ಪುರುಷದಲ್ಲಿ, ಅಂದರೆ ‘ನಾನು ಲೆಕ್ಕ ಹಾಕಿದೆ, ನಾನು ವಿನ್ಯಾಸ ಮಾಡಿದೆ’ ಎಂಬ ಧಾಟಿಯಲ್ಲಿ ವಿವರಿಸಬೇಕು. ‘ನಮ್ಮ ತಂಡ ಮೇಲ್ಸೇತುವೆ ಕಟ್ಟಿತು’ ಎಂದು ಬರೆದರೆ ನಿಮ್ಮ ಪಾಲು ಎಲ್ಲಿ ಎಂದು ಕೇಳುತ್ತಾರೆ. ಮಣ್ಣಿನ ಪರೀಕ್ಷೆಯ ಫಲಿತಾಂಶ ನೋಡಿ ಅಡಿಪಾಯದ ಆಳವನ್ನು ನೀವು ಏಕೆ ಬದಲಾಯಿಸಿದಿರಿ, ಯಾವ ಸಂಹಿತೆ ಅನುಸರಿಸಿದಿರಿ, ಗುತ್ತಿಗೆದಾರ ಒಪ್ಪದಾಗ ಏನು ಮಾಡಿದಿರಿ ಎಂಬಷ್ಟು ಹತ್ತಿರದ ವಿವರ ಬೇಕು. ದುಡ್ಡು ಕೊಟ್ಟರೆ ಸಿದ್ಧ ವರದಿ ಬರೆದುಕೊಡುವವರು ಬಹಳಷ್ಟಿದ್ದಾರೆ; ನಕಲು ಪತ್ತೆಯಾದರೆ ಅರ್ಜಿ ತಿರಸ್ಕಾರವಾಗುವುದಲ್ಲದೆ ಮತ್ತೆ ಅರ್ಜಿ ಹಾಕದಂತೆ ನಿರ್ಬಂಧವೂ ಬೀಳುತ್ತದೆ.

ಎಸಿಎಸ್‌ಗೆ ಐಟಿಯವರ ಅನುಭವದ ಆರಂಭದ ಕೆಲವು ವರ್ಷಗಳನ್ನು ಕೌಶಲ ಗಳಿಸಿದ ಅವಧಿ ಎಂದು ಪರಿಗಣಿಸಿ ಲೆಕ್ಕದಿಂದ ಬಿಡುವ ಪದ್ಧತಿ ಇದೆ. ಎಷ್ಟು ವರ್ಷ ಎಂಬುದು ಪದವಿಯ ವಿಷಯಕ್ಕೂ ಕೆಲಸಕ್ಕೂ ಇರುವ ನಂಟನ್ನು ಅವಲಂಬಿಸಿದೆ. ಎಂಟು ವರ್ಷದ ಅನುಭವವಿದೆ ಎಂದು ಹದಿನೈದು ಪಾಯಿಂಟ್ ಹಾಕಿಕೊಂಡವರಿಗೆ ಹತ್ತೇ ಉಳಿಯುವುದು ಹೀಗೆ.

ಶಿಕ್ಷಕರಿಗೆ ನಾಲ್ಕು ವರ್ಷಕ್ಕೆ ಸಮನಾದ ಉನ್ನತ ಶಿಕ್ಷಣ, ಅದರಲ್ಲಿ ಬಿಎಡ್‌ನಂಥ ತರಬೇತಿ, ಕನಿಷ್ಠ 45 ದಿನ ಮೇಲ್ವಿಚಾರಣೆಯಲ್ಲಿ ಪಾಠ ಮಾಡಿದ ದಾಖಲೆ ಬೇಕು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಕೇಳುವುದು ಮತ್ತು ಮಾತನಾಡುವುದಕ್ಕೆ 8, ಓದು ಬರಹಕ್ಕೆ 7 ಬರಬೇಕು. ಈ 8 ಅನೇಕರನ್ನು ತಡೆಯುತ್ತದೆ. ಭಾರತದಲ್ಲಿ ಓದಿದ ನರ್ಸುಗಳು ಸಾಮಾನ್ಯವಾಗಿ ಅಲ್ಲಿನ ನೋಂದಣಿಗಾಗಿ ಎನ್‌ಕ್ಲೆಕ್ಸ್ ಪರೀಕ್ಷೆ ಬರೆದು, ನಂತರ ಅಡಿಲೇಡ್‌ನಲ್ಲಿ ನಡೆಯುವ ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮೊದಲನೆಯದನ್ನು ಬೆಂಗಳೂರಿನಲ್ಲಿಯೇ ಬರೆಯಬಹುದು, ಎರಡನೆಯದಕ್ಕೆ ವಿಮಾನ ಹತ್ತಲೇಬೇಕು. ಬ್ರಿಟನ್, ಐರ್ಲೆಂಡ್, ಸಿಂಗಪುರದಂಥ ದೇಶಗಳಲ್ಲಿ ನೋಂದಣಿ ಪಡೆದು ಕನಿಷ್ಠ 1,800 ಗಂಟೆ ದುಡಿದವರಿಗೆ 2025ರ ಏಪ್ರಿಲ್‌ನಿಂದ ಸುಲಭದ ದಾರಿ ತೆರೆದಿದೆ. ಈಗಾಗಲೇ ಅಂಥ ದೇಶಗಳಲ್ಲಿರುವ ನಮ್ಮ ನರ್ಸುಗಳಿಗೆ ಇದು ದೊಡ್ಡ ಅನುಕೂಲ. ಎಲೆಕ್ಟ್ರಿಷಿಯನ್‌ಗಳಿಗೆ ಮೌಲ್ಯಮಾಪನ ಮುಗಿದರೂ ಅಲ್ಲಿ ಹೆಚ್ಚುವರಿ ತರಬೇತಿ ಪಡೆದು ರಾಜ್ಯದ ಲೈಸೆನ್ಸ್ ಸಿಗುವವರೆಗೆ ಸ್ವತಂತ್ರವಾಗಿ ಕೆಲಸ ಮಾಡಲು ಬರುವುದಿಲ್ಲ.

ಎಲ್ಲ ವೃತ್ತಿಯವರಿಗೂ ಸಾಮಾನ್ಯವಾದ ತೊಡಕು ದಾಖಲೆಗಳದ್ದು. ಅನುಭವ ಪತ್ರದಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಸಂಬಳ, ಮುಖ್ಯವಾಗಿ ಮಾಡಿದ ಕೆಲಸಗಳ ಪಟ್ಟಿ ಇರಬೇಕು. ನಮ್ಮ ಕಂಪನಿಗಳ ಎಚ್‌ಆರ್ ವಿಭಾಗ ಕೊಡುವ ನಾಲ್ಕು ಸಾಲಿನ ರಿಲೀವಿಂಗ್ ಲೆಟರ್ ಇದಕ್ಕೆ ಸಾಲದು. ಇದರ ಜೊತೆಗೆ ಸ್ಯಾಲರಿ ಸ್ಲಿಪ್, ಫಾರ್ಮ್ 16, ಪಿಎಫ್ ಪಾಸ್‌ಬುಕ್, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳನ್ನು ವರ್ಷವಾರು ಜೋಡಿಸಿಡಿ. ಹೆಸರಿನ ವಿಷಯವಂತೂ ಕರ್ನಾಟಕದವರಿಗೆ ಪ್ರತ್ಯೇಕ ತಲೆನೋವು: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ. ಎಸ್.’, ಪದವಿ ಪ್ರಮಾಣಪತ್ರದಲ್ಲಿ ‘ಕೆ. ಎಸ್. ಮಂಜುನಾಥ್’, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ತಂದೆಯ ಹೆಸರೂ ಬಿಡಿಸಿ ಬರೆದ ಮೂರನೆಯ ರೂಪ. ಇವೆಲ್ಲ ಒಬ್ಬರವೇ ಎಂದು ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ ಒಂದನ್ನು ಮೊದಲೇ ಸಿದ್ಧಪಡಿಸಿ, ಪ್ರತಿ ಅರ್ಜಿಯಲ್ಲಿಯೂ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಿರಿ.

ಮೂರನೆಯ ಹೆಜ್ಜೆ: ಇಂಗ್ಲಿಷ್ ಪರೀಕ್ಷೆ, ಜೊತೆಗೆ ಕನ್ನಡದ ಐದು ಪಾಯಿಂಟ್

ಐಇಎಲ್‌ಟಿಎಸ್‌ನ ನಾಲ್ಕೂ ವಿಭಾಗಗಳಲ್ಲಿ 6 ಬಂದರೆ ಅರ್ಹತೆ ಸಿಗುತ್ತದೆ, ಪಾಯಿಂಟ್ ಸಿಗುವುದಿಲ್ಲ. ಎಲ್ಲದರಲ್ಲೂ 7 ಬಂದರೆ 10 ಪಾಯಿಂಟ್, ಎಲ್ಲದರಲ್ಲೂ 8 ಬಂದರೆ 20. ಸರಾಸರಿಗೆ ಬೆಲೆಯಿಲ್ಲ, ಮೂರರಲ್ಲಿ 8 ಬಂದು ಬರವಣಿಗೆಯಲ್ಲಿ 6.5 ಬಂದರೆ ಒಂದು ಪಾಯಿಂಟೂ ಇಲ್ಲ. ಪಿಟಿಇ ಎಂಬ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಬರೆಯುವವರು 2025ರ ಆಗಸ್ಟ್ ನಂತರದ ಪರೀಕ್ಷೆಗಳಿಗೆ ವಿಭಾಗಕ್ಕೊಂದು ಬೇರೆ ಅಂಕ ನಿಗದಿಯಾಗಿರುವುದನ್ನು ಗಮನಿಸಬೇಕು. ಎಲ್ಲದರಲ್ಲೂ 65 ಬಂದರೆ ಸಾಕು ಎಂಬ ಹಳೆಯ ಸೂತ್ರ ಈಗ ನಡೆಯುವುದಿಲ್ಲ. ಪರೀಕ್ಷೆಯ ಫಲಿತಾಂಶ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ.

ಕನ್ನಡಿಗರು ಹೆಚ್ಚಾಗಿ ಗಮನಿಸದ ಒಂದು ಅವಕಾಶ ಅನುವಾದಕರಿಗೆ ಮಾನ್ಯತೆ ಕೊಡುವ ಆಸ್ಟ್ರೇಲಿಯಾದ ‘ನಾಟಿ’ ಎಂಬ ಸಂಸ್ಥೆ ನಡೆಸುವ ಸಿಸಿಎಲ್ ಎಂಬ ಸಮುದಾಯ ಭಾಷಾ ಪರೀಕ್ಷೆ. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ತೇರ್ಗಡೆಯಾದರೆ ಐದು ಪಾಯಿಂಟ್. ಒಬ್ಬರು ಇಂಗ್ಲಿಷ್, ಇನ್ನೊಬ್ಬರು ಕನ್ನಡ ಮಾತನಾಡುವ ಎರಡು ಸಂಭಾಷಣೆಗಳನ್ನು ಕೇಳಿಸಿ, ಪ್ರತಿ ತುಣುಕನ್ನು ಇನ್ನೊಂದು ಭಾಷೆಗೆ ಬಾಯಲ್ಲಿಯೇ ಹೇಳಲು ಬಿಡುತ್ತಾರೆ. ಒಟ್ಟು 90 ಅಂಕಗಳಲ್ಲಿ 63, ಪ್ರತಿ ಸಂಭಾಷಣೆಯಲ್ಲಿ 45ಕ್ಕೆ ಕನಿಷ್ಠ 29 ಬರಬೇಕು. ಮಾತೃಭಾಷೆ ಎಂಬ ಧೈರ್ಯದಲ್ಲಿ ಸಿದ್ಧತೆ ಇಲ್ಲದೆ ಹೋದರೆ ಎಡವುತ್ತೀರಿ. ಸಂಭಾಷಣೆಗಳು ಆಸ್ಪತ್ರೆ, ವಿಮೆ, ಬಾಡಿಗೆ ಮನೆ, ಶಾಲೆ, ಕಾನೂನು ನೆರವಿನಂಥ ವಿಷಯಗಳ ಮೇಲೆ ಇರುತ್ತವೆ ಮತ್ತು ಅವುಗಳ ಕನ್ನಡ ಮಾತು ತಡವರಿಸದೆ ಬಾಯಿಗೆ ಬರಬೇಕು. ಮನೆಯಲ್ಲಿ ಒಬ್ಬರು ಓದಿ ಇನ್ನೊಬ್ಬರು ಹೇಳುವ ಅಭ್ಯಾಸ, ಜೊತೆಗೆ ಹೆಸರು, ಸಂಖ್ಯೆ, ದಿನಾಂಕಗಳನ್ನು ಚುಟುಕಾಗಿ ಗುರುತು ಹಾಕಿಕೊಳ್ಳುವ ರೂಢಿ ಇದ್ದರೆ ಸಾಕು.

ನಾಲ್ಕನೆಯ ಹೆಜ್ಜೆ: ಪಾಯಿಂಟಿನ ಲೆಕ್ಕ

ಕನಿಷ್ಠ 65 ಪಾಯಿಂಟ್ ಬೇಕು. ಅಲ್ಲಿನ ಒಂದು ರಾಜ್ಯ ನಿಮ್ಮ ಹೆಸರನ್ನು ಸೂಚಿಸುವ ನಾಮನಿರ್ದೇಶನದಿಂದ ಬರುವ 15 ಅದರಲ್ಲಿ ಸೇರುತ್ತದೆ. ದಾವಣಗೆರೆಯ 31 ವರ್ಷದ ಸಿವಿಲ್ ಇಂಜಿನಿಯರ್ ಒಬ್ಬರು ಎಂದುಕೊಳ್ಳಿ. ವಯಸ್ಸಿಗೆ 30, ಬಿಇ ಪದವಿಗೆ 15, ಆರು ವರ್ಷದ ಭಾರತೀಯ ಅನುಭವಕ್ಕೆ 10, ಇಂಗ್ಲಿಷಿನಲ್ಲಿ ಎಲ್ಲದಕ್ಕೂ 7 ಬಂದದ್ದಕ್ಕೆ 10, ಸಂಗಾತಿಗೆ ಐಇಎಲ್‌ಟಿಎಸ್‌ನಲ್ಲಿ 6 ಇರುವುದಕ್ಕೆ 5, ಒಟ್ಟು 70. ಇದಕ್ಕೆ 491ರ ನಾಮನಿರ್ದೇಶನದ 15 ಸೇರಿ 85, ಕನ್ನಡ ಪರೀಕ್ಷೆಯೂ ಆದರೆ 90. ಸಂಗಾತಿಯೂ 45ರ ಒಳಗಿದ್ದು ತನ್ನ ವೃತ್ತಿಯ ಮೌಲ್ಯಮಾಪನ ಮಾಡಿಸಿಕೊಂಡರೆ 5ರ ಬದಲು 10 ಸಿಗಬಹುದು. ಅವಿವಾಹಿತರಿಗೂ 10 ಸಿಗುತ್ತದೆ.

ವಯಸ್ಸಿನ ಗಡಿಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಡಿ. 25ರಿಂದ 32ರವರೆಗೆ 30 ಪಾಯಿಂಟ್, 33ರಿಂದ 39ರವರೆಗೆ 25, 40ರಿಂದ 44ರವರೆಗೆ 15, ನಂತರ ಅವಕಾಶವೇ ಇಲ್ಲ. ಲೆಕ್ಕಕ್ಕೆ ಬರುವುದು ವೀಸಾಕ್ಕೆ ಅರ್ಜಿ ಹಾಕಲು ಆಹ್ವಾನ ಸಿಕ್ಕ ದಿನದ ವಯಸ್ಸು. ಅನುಭವವನ್ನು ಕಳೆದ ಹತ್ತು ವರ್ಷಗಳ ಒಳಗಿನದನ್ನು ಮಾತ್ರ ಎಣಿಸುತ್ತಾರೆ.

ಐದನೆಯ ಹೆಜ್ಜೆ: ಆಸಕ್ತಿ ಸೂಚನೆ ಮತ್ತು ರಾಜ್ಯದ ನಾಮನಿರ್ದೇಶನ

ಗೃಹ ಇಲಾಖೆಯ ಸ್ಕಿಲ್‌ಸೆಲೆಕ್ಟ್ ಜಾಲತಾಣದಲ್ಲಿ ಇಒಐ ಎಂಬ ಆಸಕ್ತಿ ಸೂಚನೆ ಸಲ್ಲಿಸಬೇಕು. ಇದಕ್ಕೆ ಶುಲ್ಕವಿಲ್ಲ, ಎರಡು ವರ್ಷ ಇರುತ್ತದೆ, ಆಹ್ವಾನ ಬರುವವರೆಗೆ ತಿದ್ದಬಹುದು. ಆಹ್ವಾನ ಬಂದ ಮೇಲೆ ನೀವು ಹೇಳಿಕೊಂಡ ಪಾಯಿಂಟನ್ನು ದಾಖಲೆಯಿಂದ ಸಾಧಿಸಲೇಬೇಕು. ಒಂದು ಐದು ಪಾಯಿಂಟ್ ಹೆಚ್ಚು ಹಾಕಿಕೊಂಡದ್ದು ಸಾಬೀತಾಗದೆ ಹೋದರೆ ವೀಸಾ ನಿರಾಕರಣೆಯಾಗಬಹುದು, ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ.

ಇಲ್ಲಿಂದ ಪ್ರತಿ ರಾಜ್ಯಕ್ಕೂ ಅದರದೇ ನಿಯಮ. ಕೇಂದ್ರ ಸರ್ಕಾರ ಪ್ರತಿ ವರ್ಷ ರಾಜ್ಯಗಳಿಗೆ ಇಷ್ಟಿಷ್ಟು ಎಂದು ಕೋಟಾ ಹಂಚುತ್ತದೆ. 2024–25ರ ಯೋಜನೆಯಲ್ಲಿ ಒಟ್ಟು 1,85,000 ಕಾಯಂ ವಲಸೆ ಸ್ಥಾನಗಳಿದ್ದು, ಅವುಗಳಲ್ಲಿ 33,000 ಪ್ರಾದೇಶಿಕ ವರ್ಗದ್ದಾಗಿದ್ದವು. ಅಲ್ಲಿನ ಹಣಕಾಸು ವರ್ಷ ಜುಲೈ 1ಕ್ಕೆ ಆರಂಭವಾಗುತ್ತದೆ; ರಾಜ್ಯಗಳು ತಮ್ಮ ಪಟ್ಟಿಯನ್ನು ಅದರ ನಂತರದ ತಿಂಗಳುಗಳಲ್ಲಿ ಪ್ರಕಟಿಸಿ, ಕೋಟಾ ತುಂಬಿದಂತೆ ಮುಚ್ಚುತ್ತವೆ. ಕ್ಯಾನ್‌ಬೆರಾದ ಆಡಳಿತ ಮ್ಯಾಟ್ರಿಕ್ಸ್ ಎಂಬ ತನ್ನದೇ ಅಂಕಪದ್ಧತಿ ಬಳಸುತ್ತದೆ. ವಿಕ್ಟೋರಿಯಾ ಇಒಐ ಜೊತೆಗೆ ಪ್ರತ್ಯೇಕ ಆಸಕ್ತಿ ಪತ್ರ ಕೇಳುತ್ತದೆ. ಟಾಸ್ಮೇನಿಯಾ ಈಗಾಗಲೇ ತನ್ನಲ್ಲಿ ಓದಿ ದುಡಿಯುತ್ತಿರುವವರಿಗೆ ಮೊದಲ ಆದ್ಯತೆ ಕೊಡುತ್ತದೆ. ಭಾರತದಿಂದಲೇ ಅರ್ಜಿ ಹಾಕುವವರಿಗೆ ಬಾಗಿಲು ಎಲ್ಲಿ ತೆರೆದಿದೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ನೀವು ಮೊದಲ ಹೆಜ್ಜೆಯಲ್ಲಿ ಆರಿಸಿದ ಎರಡು ಮೂರು ರಾಜ್ಯಗಳ ಅಧಿಕೃತ ಪುಟವನ್ನು ಆಗಸ್ಟ್‌ನಿಂದ ನೋಡುತ್ತಿರಬೇಕು. ಆ ಊರನ್ನೇ ಏಕೆ ಆರಿಸಿದಿರಿ ಎಂದು ರಾಜ್ಯ ಕೇಳಿದಾಗ, ನೀವು ಬರೆದಿಟ್ಟುಕೊಂಡ ಉದ್ಯೋಗ ಜಾಹೀರಾತುಗಳ ಟಿಪ್ಪಣಿ ಪ್ರಕೃತಿ ಸೌಂದರ್ಯದ ವರ್ಣನೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ರಾಜ್ಯದ ಬದಲು ಸಂಬಂಧಿಕರ ಪ್ರಾಯೋಜನೆಯೂ ಸಾಧ್ಯ. ಪ್ರಾದೇಶಿಕ ಪ್ರದೇಶದಲ್ಲಿ ನೆಲೆಸಿದ, ಕಾಯಂ ವಾಸಿ ಅಥವಾ ಪೌರರಾದ ಒಡಹುಟ್ಟಿದವರು, ಚಿಕ್ಕಪ್ಪ, ಅತ್ತೆ, ಸೋದರಮಾವ ಮೊದಲಾದವರು ಪ್ರಾಯೋಜಿಸಬಹುದು. ಆದರೆ ಇದರ ವೃತ್ತಿಪಟ್ಟಿ ಕಿರಿದು, ಆಹ್ವಾನಗಳೂ ಕಡಿಮೆ.

ಆರನೆಯ ಹೆಜ್ಜೆ: ವೀಸಾ ಅರ್ಜಿ

ಆಹ್ವಾನ ಬಂದ ಮೇಲೆ ಅರ್ಜಿ ಸಲ್ಲಿಸಲು 60 ದಿನ. ಇಲಾಖೆಯ ಇಮ್ಮಿಅಕೌಂಟ್ ಎಂಬ ಆನ್‌ಲೈನ್ ಖಾತೆಯ ಮೂಲಕ ಸಲ್ಲಿಸುವ ಅರ್ಜಿಗೆ 2025ರ ಜುಲೈನಿಂದ ಪ್ರಧಾನ ಅರ್ಜಿದಾರರಿಗೆ 4,910 ಆಸ್ಟ್ರೇಲಿಯನ್ ಡಾಲರ್, ಸಂಗಾತಿಗೆ ಅದರ ಅರ್ಧದಷ್ಟು, ಮಕ್ಕಳಿಗೆ ಸುಮಾರು ಕಾಲುಭಾಗ ಶುಲ್ಕವಿದೆ. ಪ್ರತಿ ಜುಲೈನಲ್ಲಿ ಇದು ಏರುತ್ತದೆ. ವಯಸ್ಕ ಅವಲಂಬಿತರಿಗೆ ಕನಿಷ್ಠ ಇಂಗ್ಲಿಷ್ ಇದೆ ಎಂದು ತೋರಿಸಲಾಗದಿದ್ದರೆ ಹೆಚ್ಚುಕಡಿಮೆ ಪ್ರಧಾನ ಅರ್ಜಿಯಷ್ಟೇ ದೊಡ್ಡ ಎರಡನೆಯ ಕಂತು ಕಟ್ಟಬೇಕಾಗುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಪತ್ರವನ್ನು ಕಾಲೇಜಿನಿಂದ ತರುವುದು ಅದಕ್ಕಿಂತ ಬಹಳ ಅಗ್ಗ.

ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪಿಸಿಸಿ ಎಂಬ ಪೊಲೀಸ್ ಪ್ರಮಾಣಪತ್ರ, ಇಲಾಖೆಯ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ವೈದ್ಯಕೀಯ ತಪಾಸಣೆ, ವೈಯಕ್ತಿಕ ವಿವರಗಳ ಫಾರ್ಮ್ 80 ಇವು ಉಳಿದ ಮುಖ್ಯ ದಾಖಲೆಗಳು. ಗಲ್ಫ್‌ನಲ್ಲೋ ಬೇರೆಲ್ಲೋ ಕಳೆದ ಹತ್ತು ವರ್ಷದಲ್ಲಿ ಒಟ್ಟು ಒಂದು ವರ್ಷ ಇದ್ದವರು ಆ ದೇಶದ ಪೊಲೀಸ್ ಪ್ರಮಾಣಪತ್ರವನ್ನೂ ತರಬೇಕು. ಅದಕ್ಕೆ ತಿಂಗಳುಗಳು ಹಿಡಿಯಬಹುದಾದ್ದರಿಂದ ಮೊದಲೇ ಆರಂಭಿಸಿ.

ಸುಳ್ಳು ದಾಖಲೆ ಕೊಟ್ಟರೆ 4020 ಎಂಬ ನಿಯಮದಡಿ ಸಾಮಾನ್ಯವಾಗಿ ಮೂರು ವರ್ಷ, ಗುರುತಿನ ವಿಷಯದಲ್ಲಿ ವಂಚನೆಯಾದರೆ ಹತ್ತು ವರ್ಷ ವೀಸಾ ಸಿಗುವುದಿಲ್ಲ. ಕನ್ಸಲ್ಟೆನ್ಸಿಯವರು ಹಾಕಿದ್ದು, ನನಗೆ ಗೊತ್ತಿರಲಿಲ್ಲ ಎಂಬ ಸಮಜಾಯಿಷಿ ಸಾಮಾನ್ಯವಾಗಿ ನಡೆಯುವುದಿಲ್ಲ. ಏಜೆಂಟರ ನೆರವು ಪಡೆಯುವುದಾದರೆ ವಲಸೆ ಏಜೆಂಟರನ್ನು ನೋಂದಾಯಿಸುವ ಮಾರಾ ಸಂಸ್ಥೆ ಅವರಿಗೆ ಕೊಟ್ಟ ನೋಂದಣಿ ಸಂಖ್ಯೆ ಕೇಳಿ, ಅಧಿಕೃತ ಜಾಲತಾಣದಲ್ಲಿ ಹೆಸರು ಪರಿಶೀಲಿಸಿ, ಇಮ್ಮಿಅಕೌಂಟಿನ ಪಾಸ್‌ವರ್ಡ್ ನಿಮ್ಮ ಬಳಿಯೂ ಇರುವಂತೆ ನೋಡಿಕೊಳ್ಳಿ. ‘ಉದ್ಯೋಗ ಸಮೇತ 491’ ಎಂದು ಮಾರುವವರನ್ನು ದೂರವಿಡಿ. ಈ ವೀಸಾದ ಜೊತೆಗೆ ಯಾವ ಉದ್ಯೋಗವೂ ಬರುವುದಿಲ್ಲ.

ಏಳನೆಯ ಹೆಜ್ಜೆ: ಹೋದ ಮೇಲಿನ ಮೂರು ವರ್ಷ

ವೀಸಾ ಪತ್ರದಲ್ಲಿ ನಾಲ್ಕು ಷರತ್ತುಗಳ ಸಂಖ್ಯೆ ಇರುತ್ತದೆ. 8579ರ ಪ್ರಕಾರ ವಾಸ, ಕೆಲಸ, ಓದು ಪ್ರಾದೇಶಿಕ ಪ್ರದೇಶದಲ್ಲಿ. 8578ರ ಪ್ರಕಾರ ವಿಳಾಸ, ಉದ್ಯೋಗ, ಫೋನ್, ಪಾಸ್‌ಪೋರ್ಟ್ ಬದಲಾದರೆ 14 ದಿನದೊಳಗೆ ತಿಳಿಸಬೇಕು. ಉಳಿದೆರಡು, ಇಲಾಖೆ ಕೇಳಿದಾಗ ಪುರಾವೆ ಕೊಡುವುದಕ್ಕೆ ಮತ್ತು ಸಂದರ್ಶನಕ್ಕೆ ಹಾಜರಾಗುವುದಕ್ಕೆ ಸಂಬಂಧಿಸಿದವು. ಒಂದು ಪ್ರಾದೇಶಿಕ ಊರಿನಿಂದ ಇನ್ನೊಂದಕ್ಕೆ, ಬೇರೆ ರಾಜ್ಯಕ್ಕೂ ಹೋಗಲು ವೀಸಾದ ಷರತ್ತು ಅಡ್ಡಿಮಾಡುವುದಿಲ್ಲ. ಆದರೂ ನಾಮನಿರ್ದೇಶನ ಮಾಡಿದ ರಾಜ್ಯಕ್ಕೆ ಕೊಟ್ಟ ಮಾತು ಇರುತ್ತದೆ. ಪ್ರಾಮಾಣಿಕವಾಗಿ ಅಲ್ಲಿ ಕೆಲಸ ಹುಡುಕಿದ ನಂತರವೇ ಬೇರೆಡೆ ಹೋಗುವುದು ಸರಿ. ಸಿಡ್ನಿಗೆ ರಜೆಯಲ್ಲಿ ಹೋಗಿಬರಲು ಅಡ್ಡಿಯಿಲ್ಲ.

ಹೋದ ಮೊದಲ ವಾರಗಳಲ್ಲಿಯೇ ಟಿಎಫ್‌ಎನ್ ಎಂಬ ತೆರಿಗೆ ಸಂಖ್ಯೆ ಪಡೆಯಿರಿ, ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ಯೋಜನೆಗೆ ನೋಂದಾಯಿಸಿ. ತಾತ್ಕಾಲಿಕ ವೀಸಾ ಆದರೂ 491ರವರಿಗೆ ಮೆಡಿಕೇರ್ ಸಿಗುತ್ತದೆ, ಇದು ಸಣ್ಣ ಸೌಲಭ್ಯವಲ್ಲ. ಸಂಬಳದ ಜೊತೆಗೆ ಉದ್ಯೋಗದಾತರು ಕಟ್ಟಬೇಕಾದ ಸೂಪರ್, ಅಂದರೆ ನಿವೃತ್ತಿ ನಿಧಿ, 2025ರ ಜುಲೈನಿಂದ ಶೇಕಡ 12. ಸಣ್ಣ ಊರಿನ ಸಣ್ಣ ಉದ್ಯೋಗದಾತರಲ್ಲಿ ಇದನ್ನು ತಪ್ಪಿಸುವವರೂ ಇರುತ್ತಾರೆ. ಪೇಸ್ಲಿಪ್ ಮತ್ತು ನಿಧಿಯ ಖಾತೆ ಎರಡನ್ನೂ ಹೊಂದಿಸಿ ನೋಡಿ. ಮನೆ ಬಾಡಿಗೆಗೆ ಸಿಗುವುದು ಈಗ ಪ್ರಾದೇಶಿಕ ಊರುಗಳಲ್ಲೂ ಕಷ್ಟ, ಹಿಂದಿನ ಬಾಡಿಗೆಯ ದಾಖಲೆ ಇಲ್ಲದ ಹೊಸಬರಿಗೆ ಇನ್ನೂ ಕಷ್ಟ. ಸಾಮಾನ್ಯವಾಗಿ ನಾಲ್ಕು ವಾರದ ಬಾಡಿಗೆಯನ್ನು ಬಾಂಡ್, ಅಂದರೆ ಠೇವಣಿ ಎಂದು ಕಟ್ಟಬೇಕು. ಕೊಂಡುಬಿಡೋಣ ಎಂದರೆ, 2025ರ ಏಪ್ರಿಲ್ 1ರಿಂದ ತಾತ್ಕಾಲಿಕ ವೀಸಾದವರು ಈಗಾಗಲೇ ಕಟ್ಟಿರುವ ಮನೆಗಳನ್ನು ಕೊಳ್ಳುವುದಕ್ಕೆ ಸರ್ಕಾರ ನಿರ್ಬಂಧ ಹಾಕಿದೆ. ಕಾರು ಮತ್ತು ಚಾಲನೆ ಬಾರದೆ ಈ ಊರುಗಳಲ್ಲಿ ದಿನ ಕಳೆಯುವುದು ಕಷ್ಟ. ಸಂಗಾತಿಗೂ ಡ್ರೈವಿಂಗ್ ಇಲ್ಲಿಂದಲೇ ಕಲಿಸಿ, ಲೈಸೆನ್ಸ್ ಮಾಡಿಸಿ ಕರೆದೊಯ್ಯಿರಿ.

ಎಂಟನೆಯ ಹೆಜ್ಜೆ: 191 ಮತ್ತು ನಂತರ

191ಕ್ಕೆ ಪಾಯಿಂಟ್ ಇಲ್ಲ, ಹೊಸ ಮೌಲ್ಯಮಾಪನ ಇಲ್ಲ, ಯಾರ ಪ್ರಾಯೋಜನೆಯೂ ಬೇಡ. 491ರಲ್ಲಿ ಮೂರು ವರ್ಷ ಕಳೆದಿರಬೇಕು, ಷರತ್ತುಗಳನ್ನು ಪಾಲಿಸಿರಬೇಕು, ಮೂರು ಹಣಕಾಸು ವರ್ಷಗಳ ತೆರಿಗೆ ನಿರ್ಧಾರ ಪತ್ರಗಳನ್ನು ಸಲ್ಲಿಸಬೇಕು. ಆರಂಭದಲ್ಲಿ ವರ್ಷಕ್ಕೆ 53,900 ಡಾಲರ್ ಕನಿಷ್ಠ ಆದಾಯ ಬೇಕೆಂದು ಹೇಳಲಾಗಿತ್ತು. ಆ ಮೊತ್ತದ ಷರತ್ತು ನಂತರ ಹೋಯಿತು. ಆದರೆ ತೆರಿಗೆ ಪತ್ರ ಬೇಕೇ ಬೇಕು. ಕೆಲಸ ಸಿಗದೆ ಅರ್ಧ ವರ್ಷ ಕಳೆದರೂ, ಆದಾಯ ತೀರ ಕಡಿಮೆ ಇದ್ದರೂ ಪ್ರತಿ ಜೂನ್ 30ರ ನಂತರ ರಿಟರ್ನ್ ಸಲ್ಲಿಸಿ ಆ ಪತ್ರವನ್ನು ಜೋಪಾನವಾಗಿಡಿ. ಬಾಡಿಗೆ ಕರಾರು, ವಿದ್ಯುತ್ ಬಿಲ್, ಪೇಸ್ಲಿಪ್, ಮಕ್ಕಳ ಶಾಲೆಯ ಪತ್ರಗಳನ್ನು ಮೂರೂ ವರ್ಷ ತಿಂಗಳುವಾರು ಒಂದೇ ಕಡತದಲ್ಲಿ ಇಟ್ಟುಕೊಂಡರೆ ಅರ್ಜಿ ಸಿದ್ಧಪಡಿಸುವುದು ಸುಲಭವಾಗುತ್ತದೆ.

ವೀಸಾ ಸಿಕ್ಕ ಮೇಲೆ ಬೆಂಗಳೂರಿನಲ್ಲಿಯೇ ಒಂದೂವರೆ ವರ್ಷ ಕಳೆದು ನಿಧಾನವಾಗಿ ಹೋಗುವವರಿಗೆ ಇಲ್ಲಿ ಲೆಕ್ಕ ಬಿಗಿಯಾಗುತ್ತದೆ: ಐದು ವರ್ಷದ ಒಳಗೆ ಮೂರು ತೆರಿಗೆ ಪತ್ರ ಕೂಡಿಸಲು ಉಳಿಯುವ ಸಮಯ ಬಹಳವಿರುವುದಿಲ್ಲ. ಪೌರತ್ವದ ಬಗ್ಗೆ ಯೋಚಿಸುವವರಿಗೆ 491ರಲ್ಲಿ ಅಲ್ಲಿ ಕಳೆದ ದಿನಗಳೂ ನಾಲ್ಕು ವರ್ಷದ ವಾಸದ ಲೆಕ್ಕಕ್ಕೆ ಸೇರುತ್ತವೆ. ಕೊನೆಯ ಹನ್ನೆರಡು ತಿಂಗಳು ಮಾತ್ರ ಕಾಯಂ ವೀಸಾದಲ್ಲಿ ಕಳೆದಿರಬೇಕು. ಆದ್ದರಿಂದ ಮೂರು ವರ್ಷ ತುಂಬಿ ಮೂರನೆಯ ತೆರಿಗೆ ಪತ್ರ ಕೈಗೆ ಬಂದ ವಾರವೇ 191ರ ಅರ್ಜಿ ಸಲ್ಲಿಸುವುದು ಲಾಭಕರ. 191 ಮಂಜೂರಾದ ಮೇಲೆ ಪ್ರಾದೇಶಿಕ ಪ್ರದೇಶದ ನಿರ್ಬಂಧ ಇರುವುದಿಲ್ಲ.